ವಿಂಡೋಸ್ ಬಿಟ್ಟು ಮಿಂಟ್‌ಗೆ ಬಂದೆ, ನುಡಿಗೆ ಬದಲಿ ಏನು?

ಶ್ರೀನಗರದ ಟೈಪಿಸ್ಟ್:
ಬೆಂಗಳೂರಿನ ಶ್ರೀನಗರದಲ್ಲಿ ನನ್ನದು ಸಣ್ಣ ಜೆರಾಕ್ಸ್, ಟೈಪಿಂಗ್ ಅಂಗಡಿ. ಇರುವ ಕಂಪ್ಯೂಟರ್ ನಾಲ್ಕನೇ ತಲೆಮಾರಿನ ಐ3. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, 11 ಹಾಕೋಣ ಅಂದರೆ ಇದು ತೀರಾ ಹಳೇದಂತೆ. ಎಸ್.ಪಿ. ರೋಡ್‌ನಲ್ಲಿ ಕೇಳಿದರೆ ಹೊಸದೇ ತಗೊಳ್ಳಿ ಎಂದರು. ಸುಮ್ನೆ ಯಾಕೆ ಖರ್ಚು ಎಂದು ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ ಹಾಕಿದೆ. ವರ್ಡ್ ಬದಲಿಗೆ ಅದರಲ್ಲಿರುವ ಲಿಬ್ರೆ ಆಫೀಸ್ ಚೆನ್ನಾಗಿದೆ. ಆದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ ‘ನುಡಿ’ ಇಲ್ಲ! ಹಳೆ ಬಾಡಿಗೆ ಕರಾರು ತೆರೆದರೆ ‘ಕನ್ನಡ’ ಎಂದಿದ್ದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರುವ ಎ, ಪೌಂಡ್ ಗುರುತು. ಗಿರಾಕಿ ನನ್ನ ಮುಖ ನೋಡುತ್ತಾರೆ.

ಚಿತ್ರಾನ್ನ:
ವೈನ್‌ನಲ್ಲಿ ನುಡಿ ಹಾಕಿ ನೋಡಿ ಸರ್, ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್ ಒಳಗೆ ಓಡಿಸುವ ಸಾಧನ ಅದು.

ಪೆಂಗ್ವಿನ್ ಮಾವ:
ವೈನ್ ಬೇಡ. ಅದರೊಳಗೆ ನುಡಿ ತೆರೆದುಕೊಂಡರೂ ಹೊರಗಿರುವ ಲಿಬ್ರೆ ಆಫೀಸ್‌ನಲ್ಲಿ ಟೈಪ್ ಮಾಡಲು ಆಗಲ್ಲ. ನಿಮ್ಮದು ಎರಡು ಬೇರೆ ಬೇರೆ ತೊಂದರೆ, ನುಡಿ ಎರಡನ್ನೂ ಒಬ್ಬನೇ ನೋಡಿಕೊಳ್ಳುತ್ತಿತ್ತು ಅಷ್ಟೇ.

ಟೈಪಿಂಗ್‌ಗೆ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ‘ಐಬಸ್-ಎಂ17ಎನ್’ (ibus-m17n) ಎಂಬ ಕೀಲಿಮಣೆ ಸಾಧನ ಹುಡುಕಿ ಹಾಕಿ. ಲಾಗ್ ಔಟ್ ಆಗಿ ಬನ್ನಿ, ಇದನ್ನು ಮರೆತು ಕೆಲಸ ಮಾಡಲ್ಲ ಅನ್ನುವವರೇ ಜಾಸ್ತಿ. ಆಮೇಲೆ ಐಬಸ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ (kgp) ಸೇರಿಸಿ. ಅದು ಕಗಪ ಕೀಲಿಮಣೆ, ಕಗಪ ಎಂದರೆ ಕನ್ನಡ ಗಣಕ ಪರಿಷತ್ತು, ನುಡಿ ಮಾಡಿದವರೇ. ಹಾಗಾಗಿ ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ‘ಕನ್ನಡ’ ಬರುತ್ತದೆ. ನಿಮ್ಮ ಬೆರಳು ಹೊಸದೇನೂ ಕಲಿಯಬೇಕಿಲ್ಲ.

ಹಳೆ ಕಡತಗಳದ್ದು ಫಾಂಟ್ ಗೋಳು. ಅವು ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರ್‌ನಲ್ಲೂ ಒಂದೇ ಸಂಕೇತ ಕೊಡುವ ಪದ್ಧತಿ) ಅಲ್ಲ. ಒಳಗಿರುವುದು ಇಂಗ್ಲಿಷ್ ಗುರುತುಗಳೇ, ನುಡಿ ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕುತ್ತಿತ್ತು. ಹಳೆ ಡಿಸ್ಕ್‌ನಿಂದ ಆ ಫಾಂಟ್‌ಗಳನ್ನು ತಂದು ಇದರಲ್ಲಿ ಹಾಕಿದರೆ ಕರಾರು ಮೊದಲಿನಂತೆ ಕಾಣುತ್ತದೆ. ಮತ್ತೆ ಮತ್ತೆ ಬೇಕಾಗುವುದನ್ನು ಮಾತ್ರ ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ನೆಟ್‌ನಲ್ಲಿ ಪುಕ್ಕಟೆ ಪರಿವರ್ತಕಗಳಿವೆ. ಬದಲಿಸಿದ ಮೇಲೆ ‘ವರ್ಷ’, ‘ಕಾರ್ಯ’ ಇಂಥ ಪದ ಕಣ್ಣಿಟ್ಟು ಓದಿ. ಹಳೆ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲೇ ಬರಬೇಕು. ಎಡವಟ್ಟಾಗುವುದು ಅಲ್ಲೇ.

ಶ್ರೀನಗರದ ಟೈಪಿಸ್ಟ್:
ಕೆಜಿಪಿ ಸಿಕ್ಕಿತು ಗುರುಗಳೇ! ಕರಾರು ಪತ್ರವೂ ಸರಿಯಾಗಿ ಕಾಣುತ್ತಿದೆ. ಇನ್ನೊಂದು: ಮದುವೆ ಕಾರ್ಡಿನ ಕೋರೆಲ್ ಡ್ರಾ ಕಡತಗಳನ್ನು ಅದರಂಥದ್ದೇ ವಿನ್ಯಾಸ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ತೆರೆದೆ. ಗಣಪತಿ ಬಂದ, ವಧುವರರ ಹೆಸರು ಚೆಲ್ಲಾಪಿಲ್ಲಿ.

ಪೆಂಗ್ವಿನ್ ಮಾವ:
ಅದಕ್ಕೆ ಸರಿಸಾಟಿ ಬದಲಿ ಇದೆ ಎಂದು ನಾನು ಸುಳ್ಳು ಹೇಳಲ್ಲ. ಹೊಸ ಕಾರ್ಡುಗಳನ್ನು ಇಂಕ್‌ಸ್ಕೇಪ್‌ನಲ್ಲೇ ಮಾಡಿ. ಹಳೆಯದಕ್ಕೆ ವಿಂಡೋಸ್ ಡಿಸ್ಕ್ ಇಟ್ಟುಕೊಳ್ಳಿ, ಬೆಂಬಲ ಮುಗಿದಿರುವುದರಿಂದ ಅದಕ್ಕೆ ನೆಟ್ ವೈರ್ ಮಾತ್ರ ಚುಚ್ಚಬೇಡಿ.

ಶ್ರೀನಗರದ ಟೈಪಿಸ್ಟ್:
ಆಯ್ತು. ಆ ಡಿಸ್ಕ್ ಮೇಲೆ ‘ಮದುವೆ’ ಎಂದು ಚೀಟಿ ಅಂಟಿಸಿ ಡ್ರಾಯರ್‌ನಲ್ಲಿಟ್ಟೆ.