ಪ್ರಶ್ನೋತ್ತರ: ನನ್ನ ಕೈಗೆ ಯಾವ ಪಿಸ್ತೂಲು?

ಅಡ್ಮಿನ್: ಈ ವಾರದ ವಿಷಯ ಪಿಸ್ತೂಲು ಆರಿಸುವುದು. ಉತ್ತರ ಕೊಡುವವರು ನಮ್ಮ ಗುಂಪಿನ ಕೋಚ್ ಮೇಡಂ. ತರಬೇತಿ ಕೊಡುವುದರ ಜೊತೆಗೆ ಶೂಟರ್‌ಗಳ ಕೈಗೆ ತಕ್ಕಂತೆ ಗ್ರಿಪ್ (ಪಿಸ್ತೂಲಿನ ಮರದ ಹಿಡಿ) ಕೆತ್ತಿಕೊಡುವ ಕೆಲಸವನ್ನೂ ಮಾಡುತ್ತಾರೆ. ಲೈಸೆನ್ಸ್ ಪ್ರಶ್ನೆ ಇಲ್ಲಿ ಬೇಡ, ನಿಮ್ಮ ಕ್ಲಬ್ಬಿನಲ್ಲಿ ಕೇಳಿ.

ಹೊಸ ಶೂಟರ್: ನಮಸ್ಕಾರ ಮೇಡಂ. 10 ಮೀಟರ್ ಏರ್ ಪಿಸ್ತೂಲು ಹೊಡೆಯುತ್ತಿದ್ದೇನೆ. ಇಲ್ಲಿವರೆಗೆ ಕ್ಲಬ್ಬಿನದ್ದೇ ಬಳಸಿದೆ, ಈಗ ಸ್ವಂತದ್ದು ಬೇಕು. ಸ್ಟೈಯರ್, ಮೊರಿನಿ, ವಾಲ್ಟರ್, ಪಾರ್ಡಿನಿ, ಫೈನ್‌ವೆರ್ಕ್‌ಬೌ. ಇವುಗಳಲ್ಲಿ ಯಾವುದು ಬೆಸ್ಟ್?

ಕೋಚ್: ನಮಸ್ಕಾರ. ಸ್ಟ್ಯಾಂಡಿಗೆ ಬಿಗಿದು ಹೊಡೆದರೆ ಈ ಐದೂ ಕಂಪನಿಯ ಮ್ಯಾಚ್ ಪಿಸ್ತೂಲುಗಳು ಟಾರ್ಗೆಟ್ ನಡುವಿನ ಹತ್ತು ಅಂಕದ ವೃತ್ತದೊಳಗೇ ಗುಂಡುಗಳನ್ನು ಗುಂಪು ಹಾಕುತ್ತವೆ. ಹಾಗಾಗಿ ವ್ಯತ್ಯಾಸ ಹುಡುಕಬೇಕಾದ್ದು ನಿಮ್ಮ ಕೈಯಲ್ಲಿ.

ಹೀಗೆ ನೋಡಿ. ಪಿಸ್ತೂಲು ಖಾಲಿ ಇದೆ ಎಂದು ನೀವೂ ನೋಡಿ, ಇನ್ನೊಬ್ಬರಿಗೂ ತೋರಿಸಿ. ರೇಂಜಿನಲ್ಲಿ ಟಾರ್ಗೆಟ್ ಕಡೆಗೇ ನಿಂತು ಗ್ರಿಪ್ ಹಿಡಿಯಿರಿ. ಕಣ್ಣು ಮುಚ್ಚಿ ಕೈ ಎತ್ತಿ. ಒಂದು ಉಸಿರು ಬಿಟ್ಟು ಕಣ್ಣು ತೆರೆಯಿರಿ. ಗುರಿ ಹಿಡಿಯಲು ಬ್ಯಾರಲ್ (ನಳಿಗೆ) ತುದಿಯಲ್ಲಿರುವ ಮುಂದಿನ ಸೈಟ್, ಕಣ್ಣಿನ ಕಡೆಗಿರುವ ಹಿಂದಿನ ಸೈಟಿನ ಕಚ್ಚಿನ ನಡುವೆ ಇದ್ದರೆ ಗ್ರಿಪ್ ನಿಮ್ಮದು. ಪ್ರತಿ ಸಲವೂ ಒಂದೇ ಪಕ್ಕಕ್ಕೆ ವಾಲುತ್ತಿದ್ದರೆ ನಿಮ್ಮದಲ್ಲ. ಮಣಿಕಟ್ಟು ತಿರುಗಿಸಿ ಸರಿ ಮಾಡಿಕೊಂಡರಾಯಿತು ಅಂತ ಬಿಡಬೇಡಿ. 60 ಗುಂಡಿನ ಮ್ಯಾಚ್‌ನಲ್ಲಿ ಆ ಮಣಿಕಟ್ಟು ಸುಸ್ತಾಗುತ್ತದೆ, ಸೈಟ್ ಮತ್ತೆ ವಾಲುತ್ತದೆ.

ಇದಕ್ಕೆ ನಾನು ಇಷ್ಟು ಒತ್ತು ಕೊಡುವುದು ಯಾಕೆಂದರೆ: ಕೈ ನಡುಗಿ ಇಡೀ ಪಿಸ್ತೂಲು 1 ಮಿ.ಮೀ. ಪಕ್ಕಕ್ಕೆ ಸರಿದರೆ ಗುಂಡೂ 1 ಮಿ.ಮೀ. ಮಾತ್ರ ಸರಿಯುತ್ತದೆ. ಮುಂದಿನ ಸೈಟ್ ಒಂದೇ 1 ಮಿ.ಮೀ. ವಾಲಿದರೆ, ಎರಡು ಸೈಟುಗಳ ನಡುವೆ 32 ಸೆಂ.ಮೀ. ಅಂತರವಿರುವ ಪಿಸ್ತೂಲಿನಲ್ಲಿ, 10 ಮೀಟರ್ ದೂರಕ್ಕೆ ಅದು ಸುಮಾರು 31 ಮಿ.ಮೀ. ಆಗುತ್ತದೆ. ಹತ್ತರ ನಟ್ಟನಡುವೆ ಇರಬೇಕಾದ ಗುಂಡು ಏಳಕ್ಕೆ ಹೋಗುತ್ತದೆ. ಎಲ್ಲರೂ ನಡುಕಕ್ಕೆ ಹೆದರುತ್ತಾರೆ. ಹೆದರಬೇಕಾದ್ದು ವಾಲಿಕೆಗೆ.

ಹತ್ತು ಮೀಟರ್: ಮೇಡಂ, ಮೊರಿನಿಯ ಎಲೆಕ್ಟ್ರಾನಿಕ್ ಟ್ರಿಗರ್ ಚೆನ್ನಾಗಿದೆಯಾ, ಮೆಕ್ಯಾನಿಕಲ್ ಚೆನ್ನಾಗಿದೆಯಾ?

ಕೋಚ್: ಎರಡೂ ಚೆನ್ನಾಗಿವೆ. ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಬೇಕು ಎಂಬ ಮ್ಯಾಚ್ ನಿಯಮ ಎರಡಕ್ಕೂ ಒಂದೇ.

ಹಳೇ ಸದಸ್ಯ: ಎಲೆಕ್ಟ್ರಾನಿಕ್ ಅಂದರೆ ಬ್ಯಾಟರಿ ಕೈಕೊಡುವ ಭಯ. ಮೆಕ್ಯಾನಿಕಲ್ ತಗೊಳ್ಳಿ, ನೆಮ್ಮದಿಯಾಗಿರಿ.

ಹತ್ತು ಮೀಟರ್: ಬ್ಯಾಟರಿ ಬದಲಾಯಿಸುವುದು ಮರೆತರೆ ಅದು ಶೂಟರ್ ತಪ್ಪು ಸಾರ್, ಪಿಸ್ತೂಲಿನದ್ದಲ್ಲ.

ಎಡಗಣ್ಣು: ನಾನು ಬಲಗೈಯವನು. ಆದರೆ ಎಡಗಣ್ಣು ಜೋರು. ಎಡಗೈ ಗ್ರಿಪ್ ಇರುವ ಪಿಸ್ತೂಲು ಕೊಳ್ಳಲೇ?

ಕೋಚ್: ಬೇಡ, ಆತುರ ಮಾಡಬೇಡಿ. ರೈಫಲ್‌ನಲ್ಲಿ ಇದು ದೊಡ್ಡ ತೊಡಕು, ಕೆನ್ನೆ ರೈಫಲ್ಲಿನ ಹಿಂಬದಿಯ ಮರಕ್ಕೆ ಒತ್ತಿರುತ್ತದೆ. ಪಿಸ್ತೂಲು ಚಾಚಿದ ಕೈಯ ತುದಿಯಲ್ಲಿರುತ್ತದೆ, ತಲೆ ಸ್ವಲ್ಪ ತಿರುಗಿಸಿದರೆ ಎಡಗಣ್ಣಿಗೂ ಸೈಟ್ ಸಿಗುತ್ತದೆ. ಇಲ್ಲವಾದರೆ ಎಡಗಣ್ಣಿನ ಮುಂದೆ ಬ್ಲೈಂಡರ್ (ನೋಟ ಮರೆಮಾಡುವ ಪಟ್ಟಿ) ಹಾಕಿ ಬಲಗಣ್ಣಿನಲ್ಲೇ ನೋಡಿ. ಮ್ಯಾಚ್‌ನಲ್ಲಿ ಅದರ ಅಗಲ 30 ಮಿ.ಮೀ. ಮೀರಬಾರದು. ಎರಡನ್ನೂ ಕೆಲವು ವಾರ ಮಾಡಿ ನೋಡಿ, ಆಮೇಲೆ ಕೊಳ್ಳುವ ಮಾತು. ಕಣ್ಣು ಕಿರಿದು ಮಾಡಿ ಮುಚ್ಚುವ ಅಭ್ಯಾಸ ಮಾತ್ರ ಬೇಡ, ಮುಖದ ಸ್ನಾಯು ಎಳೆದು ಇನ್ನೊಂದು ಕಣ್ಣಿಗೂ ತೊಂದರೆ.

ಶನಿವಾರದ ಶೂಟರ್: ಬೆಸ್ಟ್ ಏರ್ ಪಿಸ್ತೂಲು ಯಾವುದು ಮೇಡಂ?

ಕೋಚ್: ಮೊದಲನೇ ಉತ್ತರ ಓದಿ.

ಮರಗಟ್ಟಿದ ಬೆರಳು: ಮೇಡಂ, ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ. ನನ್ನದು ಸಣ್ಣ ಕೈ. ಸಿಕ್ಕಿದ್ದು ಮೀಡಿಯಂ ಗ್ರಿಪ್‌ನ ಏರ್ ಪಿಸ್ತೂಲು. ಕೈ ಒಳಗೆ ಅಲ್ಲಾಡುತ್ತಿತ್ತು. ಅದಕ್ಕೆ ಕೆಳಗಿನ ಶೆಲ್ಫ್ (ಅಂಗೈಯ ಕೆಳ ಅಂಚು ಕೂರುವ, ಮೇಲೆ ಕೆಳಗೆ ಸರಿಸಬಹುದಾದ ಅಡ್ಡ ಭಾಗ) ಮೇಲೆತ್ತಿ ಅಂಗೈಗೆ ಗಟ್ಟಿಯಾಗಿ ಒತ್ತುವ ಹಾಗೆ ಬಿಗಿ ಮಾಡಿಕೊಂಡೆ. ಸ್ಕೋರ್ ಏರಿತು. ಈಗ ಒಂದು ತಿಂಗಳಿಂದ ಅರ್ಧ ಗಂಟೆ ಹೊಡೆದ ಮೇಲೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಮೊದಲು ಪಿಸ್ತೂಲು ಕೆಳಗಿಟ್ಟರೆ ಹೋಗುತ್ತಿತ್ತು. ಈಗ ರಾತ್ರಿಯೂ ಇರುತ್ತದೆ. ಗುಂಡುಗಳೂ ಎಡಕ್ಕೆ ಕೆಳಗೆ ಹೋಗುತ್ತಿವೆ. ಸ್ಮಾಲ್ ಗ್ರಿಪ್ ಹಾಕಿಸಿದರೆ ಸಾಕಾ, ಪಿಸ್ತೂಲೇ ಬದಲಾಯಿಸಲಾ?

ಕೋಚ್: ಇವತ್ತಿಂದ ಹೊಡೆಯುವುದು ನಿಲ್ಲಿಸಿ. ಪಿಸ್ತೂಲಿನ ಮಾತು ಆಮೇಲೆ.

ಯಾವ ಬೆರಳು ಎಂದು ಸರಿಯಾಗಿ ಬರೆದದ್ದು ಒಳ್ಳೆಯದಾಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದಿದ್ದರೆ ಮಣಿಕಟ್ಟಿನ ನಡುವೆ ಹಾದುಹೋಗುವ ನರದ ಬಗ್ಗೆ ಯೋಚಿಸಬೇಕಿತ್ತು. ಕಿರುಬೆರಳು, ಉಂಗುರದ ಬೆರಳು ಎಂದರೆ ಅದು ಅಲ್ನಾರ್ ನರ. ನಿಮ್ಮ ಅಂಗೈಯ ಬುಡದಲ್ಲಿ, ಕಿರುಬೆರಳ ಪಕ್ಕಕ್ಕೆ, ಬಟಾಣಿ ಕಾಳಿನಂಥ ಒಂದು ಸಣ್ಣ ಮೂಳೆ ಕೈಗೆ ಸಿಗುತ್ತದೆ. ಮುಟ್ಟಿ ನೋಡಿ. ಆ ನರ ಅದರ ಪಕ್ಕದಲ್ಲೇ ಅಂಗೈಗೆ ಇಳಿಯುತ್ತದೆ. ಶೆಲ್ಫ್ ಮೇಲೆತ್ತಿ ಬಿಗಿ ಮಾಡಿದಾಗ ಒತ್ತುವುದು ಸರಿಯಾಗಿ ಆ ಜಾಗಕ್ಕೆ. ಮೊಣಕೈಯಲ್ಲೂ ಅದೇ ನರ ಸಿಕ್ಕಿಕೊಳ್ಳುತ್ತದೆ. ಎಲ್ಲಿ ಎಂದು ಹೇಳಬೇಕಾದವರು ಡಾಕ್ಟರ್, ನಾನಲ್ಲ. ರಾತ್ರಿಯೂ ಜೋಮು ಇದೆ ಎಂದರೆ ಈ ವಾರವೇ ತೋರಿಸಿ. ಪಿಸ್ತೂಲಿನ ಗ್ರಿಪ್ ಈ ಜಾಗಕ್ಕೆ ಒತ್ತುತ್ತದೆ ಎಂದು ಬೆರಳಿಟ್ಟು ತೋರಿಸಿ ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯಲಿಕ್ಕಿಲ್ಲ.

ಎಡಕ್ಕೆ ಕೆಳಗೆ ಹೋಗುವ ಗುಂಡಿಗೂ ಇದಕ್ಕೂ ಸಂಬಂಧ ಇರಬಹುದು. ತೋರುಬೆರಳನ್ನು ಪಕ್ಕಕ್ಕೆ ಸರಿಸುವ ಸ್ನಾಯು, ಹೆಬ್ಬೆರಳನ್ನು ಒಳಗೆ ಒತ್ತುವ ಸ್ನಾಯು, ಎರಡಕ್ಕೂ ಹೋಗುವುದು ಇದೇ ನರ. ಬೆರಳಿನ ಹಿಡಿತ ಮಂಕಾದರೆ ನಮಗೇ ತಿಳಿಯದೆ ಇಡೀ ಮುಷ್ಟಿ ಹಿಂಡುತ್ತೇವೆ. ಬಲಗೈಯವರು ಟ್ರಿಗರ್ ಜೊತೆ ಮುಷ್ಟಿ ಹಿಂಡಿದರೆ ಗುಂಡು ಹೋಗುವುದು ಸಾಮಾನ್ಯವಾಗಿ ಎಡ ಕೆಳಮೂಲೆಗೆ. ಇನ್ನೊಂದು ಮಾತು: ಕೈಯ ಸ್ಪರ್ಶ ಸರಿ ಇಲ್ಲದಾಗ ಟ್ರಿಗರ್ ಮುಟ್ಟಬಾರದು. ಅದು ಪಕ್ಕದ ಲೇನಿನವರ ಸುರಕ್ಷತೆಯ ಪ್ರಶ್ನೆ ಕೂಡ.

ಇನ್ನು ಗ್ರಿಪ್. ನಿಮ್ಮ ತೊಂದರೆ ಶುರುವಾದದ್ದು ಶೆಲ್ಫ್‌ನಿಂದ ಅಲ್ಲ, ಗ್ರಿಪ್ ದಪ್ಪ ಇದ್ದದ್ದರಿಂದ. ಹಿಂಬದಿ ತುಂಬಿಲ್ಲ, ಅದಕ್ಕೆ ಕೈ ಅಲ್ಲಾಡಿತು. ಅದನ್ನು ಕೆಳಗಿನಿಂದ ಒತ್ತಿ ನಿಲ್ಲಿಸಿದಿರಿ. ಶೆಲ್ಫ್ ಇರುವುದು ಕೈ ಪ್ರತಿ ಸಲ ಒಂದೇ ಎತ್ತರದಲ್ಲಿ ಕೂರಲಿ ಎಂದು, ಕೈಯನ್ನು ಹಿಡಿದಿಡಲಿ ಎಂದಲ್ಲ. ಗ್ರಿಪ್ ಹಿಡಿದಾಗ ಶೆಲ್ಫ್ ಮತ್ತು ಅಂಗೈ ನಡುವೆ ಒಂದು ದಪ್ಪ ಕಾಗದ ಸುಲಭವಾಗಿ ಜಾರಬೇಕು.

ಡಾಕ್ಟರ್ ಸರಿ ಎಂದ ಮೇಲೆ ಮಾಡಬೇಕಾದ ಕೆಲಸ ಇದು. ಅಂಗೈಗೆ ಸೀಮೆಸುಣ್ಣದ ಪುಡಿ ತೆಳ್ಳಗೆ ಹಚ್ಚಿ. ಗ್ರಿಪ್ ಹಿಡಿದು, ಕೈ ಎತ್ತಿ, ಇಳಿಸಿ, ಬಿಡಿ. ಗ್ರಿಪ್ ಮೇಲೆ ಪುಡಿ ಎಲ್ಲಿ ದಟ್ಟವಾಗಿ ಅಂಟಿದೆ, ಎಲ್ಲಿ ಅಂಟೇ ಇಲ್ಲ ನೋಡಿ. ಅಂಟದ ಜಾಗಕ್ಕೆ ವುಡ್ ಪುಟ್ಟಿ ತುಂಬುವುದು. ದಟ್ಟವಾಗಿ ಅಂಟಿದ ಜಾಗವನ್ನು ಸ್ಯಾಂಡ್‌ಪೇಪರಿನಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜುವುದು, ಮತ್ತೆ ಪುಡಿ ಹಚ್ಚಿ ನೋಡುವುದು. ಹೆಬ್ಬೆರಳು ತೋರುಬೆರಳ ನಡುವಿನ ಕವಲು ಗ್ರಿಪ್ಪಿನ ಹಿಂಬದಿಗೆ ಎತ್ತರದಲ್ಲಿ ಪೂರ್ತಿ ಕೂರಬೇಕು. ಬ್ಯಾರಲ್ ಮುಂಗೈಯ ನೇರಕ್ಕೆ ಬರಬೇಕು. ತೋರುಬೆರಳ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಬಿದ್ದು, ಬೆರಳಿನ ಉಳಿದ ಭಾಗ ಮರಕ್ಕೆ ತಾಗದೆ ಗಾಳಿಯಲ್ಲಿರಬೇಕು. ಸಣ್ಣ ಕೈಗೆ ದಪ್ಪ ಗ್ರಿಪ್ ಕೊಟ್ಟರೆ ಬೆರಳ ತುದಿ ಮಾತ್ರ ಟ್ರಿಗರ್ ಮುಟ್ಟುತ್ತದೆ. ಆಗ ಟ್ರಿಗರ್ ನೇರ ಹಿಂದೆ ಬರದೆ ಪಕ್ಕಕ್ಕೆ ತಳ್ಳಿದ ಹಾಗಾಗುತ್ತದೆ. ಮ್ಯಾಚ್ ಪಿಸ್ತೂಲುಗಳಲ್ಲಿ ಟ್ರಿಗರನ್ನೇ ಹಿಂದೆ ಮುಂದೆ ಸರಿಸಬಹುದು. ಅದು ಕಡೆಯ ಕೆಲಸ, ಮೊದಲು ಮರ.

ಪಿಸ್ತೂಲು ಬದಲಾಯಿಸಬೇಡಿ. ಸ್ಮಾಲ್ ಗ್ರಿಪ್ ತರಿಸಿ, ಅದನ್ನು ಕೆತ್ತಿಸಿಕೊಳ್ಳಿ. ಹಾಗೆಯೇ ಹಾಕಿ ಹೊಡೆಯಬೇಡಿ.

ಫಾರ್ವರ್ಡ್ ಮಿತ್ರ: ಅಕ್ಕಾ, ನನಗೆ ಬಂದ ಮೆಸೇಜ್ ನೋಡಿ: ಮಣಿಕಟ್ಟಿಗೆ ಎಲಾಸ್ಟಿಕ್ ಬ್ಯಾಂಡ್ ಬಿಗಿಯಾಗಿ ಸುತ್ತಿ ಹೊಡೆದರೆ ಜೋಮು ಬರುವುದಿಲ್ಲವಂತೆ.

ಕೋಚ್: ಅದುಮಿ ಹೋದ ನರದ ಮೇಲೆ ಇನ್ನೊಂದು ಬಿಗಿತ ಬೇಡ. ಮ್ಯಾಚ್‌ನಲ್ಲೂ ಪಿಸ್ತೂಲು ಹಿಡಿದ ಕೈಗೆ ಬ್ಯಾಂಡು, ಬಳೆ, ವಾಚು ಯಾವುದಕ್ಕೂ ಅವಕಾಶ ಇಲ್ಲ.

ಫಾರ್ವರ್ಡ್ ಮಿತ್ರ: ಸರಿ. ಕೈ ನಡುಕಕ್ಕೆ ಒಂದು ಮಾತ್ರೆ ಹೆಸರೂ ಬಂದಿದೆ. ಮ್ಯಾಚ್‌ಗೆ ಒಂದು ಗಂಟೆ ಮುಂಚೆ ಅರ್ಧ ತಗೊಂಡರೆ ಕೈ ಕಲ್ಲಿನ ಹಾಗೆ ನಿಲ್ಲುತ್ತದಂತೆ.

ಕೋಚ್: ಆ ಹೆಸರು ಇಲ್ಲಿ ಹಾಕಿದರೆ ಅಡ್ಮಿನ್‌ಗೆ ಹೇಳಿ ತೆಗೆಸುತ್ತೇನೆ. ಅದು ಬೀಟಾ ಬ್ಲಾಕರ್, ಹೃದಯ ಬಡಿತ ನಿಧಾನ ಮಾಡುವ ಔಷಧ. ಆಸ್ತಮಾ ಇರುವವರಿಗೆ ಉಸಿರೇ ಕಟ್ಟಬಹುದು. ಶೂಟಿಂಗಿನಲ್ಲಿ ಮ್ಯಾಚ್ ದಿನ ಮಾತ್ರವಲ್ಲ, ಮ್ಯಾಚ್ ಇಲ್ಲದ ದಿನವೂ ನಿಷೇಧ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಸು ಇದೇ ಜಾತಿಯ ಪ್ರೊಪ್ರನಲಾಲ್ ಸಿಕ್ಕಿದ್ದಕ್ಕೆ ಪಿಸ್ತೂಲಿನ ಎರಡು ಪದಕ ಕಳೆದುಕೊಂಡರು. ಈ ಗುಂಪಿನಲ್ಲಿ ಶಾಲೆ ಮಕ್ಕಳೂ ಇದ್ದಾರೆ. ದಯವಿಟ್ಟು ಇಂಥದ್ದನ್ನು ಹಂಚಬೇಡಿ.

ಎರಡು ಪಿಸ್ತೂಲು: ಟ್ರಿಗರ್ ಹಗುರ ಮಾಡಲು ಸ್ಪ್ರಿಂಗ್ ಒಂದು ಸುತ್ತು ಕತ್ತರಿಸುವ ವಿಡಿಯೊ ನನಗೂ ಬಂದಿದೆ. 25 ಮೀಟರ್ ಹೊಡೆಯುವ ನನ್ನ ಪಾಯಿಂಟ್ 22 (ಗುಂಡಿನ ಅಳತೆ) ಪಿಸ್ತೂಲಿಗೆ ಮಾಡಬಹುದಾ?

ಕೋಚ್: ಬೇಡವೇ ಬೇಡ. ಕೈ ಜಾರಿದರೆ, ಮೇಜಿಗೆ ತಾಗಿದರೆ ತಾನಾಗಿ ಹಾರುವ ಪಿಸ್ತೂಲು ತಯಾರಾಗುತ್ತದೆ. 25 ಮೀಟರ್‌ಗೆ ಟ್ರಿಗರ್ ಕನಿಷ್ಠ 1000 ಗ್ರಾಂ. ಬ್ಯಾರಲ್ ನೆಟ್ಟಗೆ ನಿಲ್ಲಿಸಿ ಟ್ರಿಗರಿಗೆ ತೂಕದ ಬಟ್ಟು ನೇತುಹಾಕಿ ಎತ್ತುತ್ತಾರೆ. ಅದನ್ನು ತಡೆಯದಿದ್ದರೆ ಮ್ಯಾಚ್ ಅಲ್ಲಿಗೇ ಮುಗಿಯಿತು. ಟ್ರಿಗರ್ ಭಾರ ಅನ್ನಿಸಿದರೆ ಬೆರಳು ಎಲ್ಲಿ ಕೂತಿದೆ ನೋಡಿ.

ಮನೆಯವರಿಗೆ: ನನ್ನ ಹೆಂಡತಿಯೂ ಕ್ಲಬ್ಬಿಗೆ ಸೇರಿದ್ದಾಳೆ, 9 ಎಂಎಂ ಹೊಡೆಯಬೇಕಂತೆ. ಹೆಂಗಸರ ಕೈಗೆ ಅಂತ ಚಿಕ್ಕದಾದ, ಹಗುರವಾದ ಪಿಸ್ತೂಲು ನೋಡುತ್ತಿದ್ದೇನೆ. ಯಾವುದು ತರಲಿ?

ಕೋಚ್: ಅವರನ್ನೇ ಕರೆದುಕೊಂಡು ಹೋಗಿ, ಅವರ ಕೈಯಲ್ಲೇ ಆರಿಸಲಿ. ಚಿಕ್ಕದು ಎಂದರೆ ಸುಲಭ ಎನ್ನುವುದು ತಪ್ಪು ಲೆಕ್ಕ. ಅದೇ ಗುಂಡನ್ನು 600 ಗ್ರಾಂ ಪಿಸ್ತೂಲಿನಿಂದ ಹಾರಿಸಿದರೆ ಒಂದು ಕೆಜಿಯದ್ದಕ್ಕಿಂತ ಕೈಗೆ ಒದೆತ ಜಾಸ್ತಿ. ಗಿಡ್ಡ ಗ್ರಿಪ್‌ನಲ್ಲಿ ಕಿರುಬೆರಳಿಗೆ ಜಾಗವೂ ಇರುವುದಿಲ್ಲ. 9 ಎಂಎಂ ಗುಂಡು ಸುಮಾರು 7.5 ಗ್ರಾಂ, ಪಾಯಿಂಟ್ 22ರದ್ದು ಸುಮಾರು 2.6. ಮೊದಲು 22ರಲ್ಲಿ ಕಲಿಯಲಿ. ಆಮೇಲೆ ಪೂರ್ತಿ ಅಳತೆಯ, ಗ್ರಿಪ್ಪಿನ ಹಿಂಬದಿ ಪಟ್ಟಿಯನ್ನು ಕೈ ಅಳತೆಗೆ ಬದಲಾಯಿಸಬಹುದಾದ 9 ಎಂಎಂ ಹಿಡಿದು ನೋಡಲಿ.

ಹಳೇ ಸದಸ್ಯ: ಹೆಂಗಸರಿಗೆ ರಿವಾಲ್ವರೇ ಸರಿ. ಗುಂಡು ಒಳಗೆ ಕೂರಿಸಲು ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಎಳೆಯುವ ಕಷ್ಟ ಇಲ್ಲ.

ಸೀಸದ ಗುಂಡು: ನಾನು ಹೆಂಗಸು, ಸ್ಲೈಡ್ ದಿನಾ ಎಳೆಯುತ್ತೇನೆ. ಎಡಗೈಯಲ್ಲಿ ಸ್ಲೈಡ್ ಹಿಡಿದು ಬಲಗೈಯಿಂದ ಪಿಸ್ತೂಲನ್ನು ಮುಂದೆ ತಳ್ಳಿದರೆ ಆಯಿತು. ಒಂದೇ ಎಳೆತದಲ್ಲಿ ಹ್ಯಾಮರ್ ಎತ್ತಿ ಬಿಡುವ ರಿವಾಲ್ವರಿನ ಡಬಲ್ ಆಕ್ಷನ್ ಟ್ರಿಗರ್ ಐದು ಕೆಜಿ ಹತ್ತಿರ ಇರುತ್ತದೆ, ಅದು ನಿಮಗೆ ಸುಲಭವಾ?

ಹಳೇ ಸದಸ್ಯ: ನಾನು ನಿಮ್ಮ ಒಳ್ಳೆಯದಕ್ಕೇ ಹೇಳಿದ್ದು. ಅನುಭವ ಇರುವವರ ಮಾತು ಕೇಳಬೇಕು.

ಸೀಸದ ಗುಂಡು: ಅನುಭವ ನನಗೂ ಇದೆ ಸಾರ್. ನಿಮ್ಮ ಕೈ ಅಳತೆ ನೋಡಿ ಯಾರೂ ಉಪದೇಶ ಮಾಡಲಿಲ್ಲ, ಅಲ್ವಾ?

ಹತ್ತು ಮೀಟರ್: ಸಾರ್ ಎಲ್ಲದಕ್ಕೂ ಹೀಗೇ. ಬೆಳಿಗ್ಗೆ ಬ್ಯಾಟರಿ, ಈಗ ಹೆಂಗಸರು.

ಹಳೇ ಸದಸ್ಯ: ನೀನು ಮಧ್ಯೆ ಬಾಯಿ ಹಾಕಬೇಡ.

ಎರಡನೇ ಕೈ: ಹಳೇ ಏರ್ ಪಿಸ್ತೂಲು ಸಿಗುತ್ತಿದೆ. ಗಾಳಿ ತುಂಬುವ ಸಿಲಿಂಡರ್ ಬಗ್ಗೆ ಏನು ನೋಡಬೇಕು? ಗಾಳಿ ಸೋರದಂತೆ ತಡೆಯುವ ಸೀಲುಗಳನ್ನು ನಾನೇ ಬದಲಾಯಿಸಬಹುದಾ?

ಕೋಚ್: ಸಿಲಿಂಡರ್ ಮೇಲಿನ ತಾರೀಖು ನೋಡಿ. ಸಾಮಾನ್ಯವಾಗಿ ತಯಾರಾದ ದಿನದಿಂದ 10 ವರ್ಷ. ಮುಗಿದಿದ್ದರೆ ಗಾಳಿ ತುಂಬಬೇಡಿ. ಒಳಗೆ 200 ಬಾರ್ ಒತ್ತಡ ಇರುತ್ತದೆ.

ಎರಡನೇ ಕೈ: ಸೀಲು?

ತೂಕದವರು: ಬ್ಯಾರಲ್ಲಿಗೆ ತೂಕ ಹಾಕಿದರೆ ಕೈ ನಿಲ್ಲುತ್ತದಾ?

ಹೊಸ ಸೇರ್ಪಡೆ: ಮೇಡಂ, ಬೆಸ್ಟ್ ಪಿಸ್ತೂಲು ಯಾವುದು ಅಂತ ಒಂದೇ ಸಾಲಿನಲ್ಲಿ ಹೇಳಿ.

ಕೋಚ್: ಒಂದು ಸಾಲಿನ ಉತ್ತರ ಇಲ್ಲ. ಮೇಲಿರುವುದನ್ನು ಓದದೆ ಕೇಳಿದರೆ ಇನ್ನು ಉತ್ತರಿಸುವುದಿಲ್ಲ.

ಹಳೇ ಸದಸ್ಯ: ಮೇಡಂ, ಹೊಸಬರ ಹತ್ತಿರ ಸ್ವಲ್ಪ ಮೃದುವಾಗಿ ಮಾತಾಡಬಹುದಿತ್ತು.

ಸೀಸದ ಗುಂಡು: ಇದನ್ನು ನೀವು ಹೇಳುತ್ತೀರಾ!

ಅಡ್ಮಿನ್: ರಿವಾಲ್ವರ್ ಜಗಳ ಸಾಕು. ಮುಂದಿನ ಕಾಮೆಂಟು ತೆಗೆಯುತ್ತೇನೆ.

ಮರಗಟ್ಟಿದ ಬೆರಳು: ಮೇಡಂ, ಶೆಲ್ಫ್ ಈಗಲೇ ಇಳಿಸಿದೆ. ಕಾಗದ ಜಾರುತ್ತದೆ. ಡಾಕ್ಟರ್ ಸಿಗುವುದು ಗುರುವಾರ. ಭಾನುವಾರ ಆಯ್ಕೆ ಮ್ಯಾಚ್ ಇದೆ. ಅಲ್ಲಿವರೆಗೆ ದಿನಕ್ಕೆ ಹತ್ತು ನಿಮಿಷ ಖಾಲಿ ಟ್ರಿಗರ್ ಅಭ್ಯಾಸ ಮಾಡಲಾ?

ಕೋಚ್: ಬೇಡ. ಹತ್ತು ನಿಮಿಷವೂ ಬೇಡ. ಗುರುವಾರದವರೆಗೆ ಗ್ರಿಪ್ ಮುಟ್ಟಬೇಡಿ, ಮೊಣಕೈಯನ್ನು ಮೇಜಿಗೆ ಊರಿ ಕೂರಬೇಡಿ. ಭಾನುವಾರದ ಮ್ಯಾಚ್ ಬಗ್ಗೆ ಡಾಕ್ಟರ್ ಏನು ಹೇಳಿದರು ಎಂದು ಗುರುವಾರ ಸಂಜೆ ನನಗೆ ನೇರವಾಗಿ ಮೆಸೇಜ್ ಮಾಡಿ. ಕೈಯ ಎರಡು ಫೋಟೊ ಕಳಿಸಿ, ಗ್ರಿಪ್ ಹಿಡಿದದ್ದಲ್ಲ, ಬರಿಗೈಯದ್ದು: ಅಂಗೈ ಒಂದು, ಕಿರುಬೆರಳ ಪಕ್ಕದಿಂದ ಒಂದು. ಸ್ಮಾಲ್ ಗ್ರಿಪ್ ಬರುವಷ್ಟರಲ್ಲಿ ಎಲ್ಲಿ ಉಜ್ಜಬೇಕು ಎಂದು ಗುರುತು ಹಾಕಿ ಇಟ್ಟಿರುತ್ತೇನೆ.