ಸಮುದ್ರದಿಂದ ಅಷ್ಟು ದೂರದ, ಚೀನಾದ ಚೊಂಗ್‌ಚಿಂಗ್ ಇಷ್ಟೊಂದು ಎಂಜಿನ್ ಹೇಗೆ ಮಾಡುತ್ತದೆ? ಹುಬ್ಬಳ್ಳಿಯಿಂದ ಒಂದು ಪ್ರಶ್ನೆ

ಲೇಥ್ ಶೆಡ್, ಗೋಕುಲ ರಸ್ತೆ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ಎರಡು ಲೇಥ್, ಒಂದು ಮಿಲ್ಲಿಂಗ್ ಯಂತ್ರ, ಮೂವರು ಹುಡುಗರು. ವಾಲ್ವಿನ ಸ್ಪಿಂಡಲ್, ಬುಷ್, ಪಂಪಿನ ಶಾಫ್ಟ್ ಎಂದು ಜಾಬ್ ವರ್ಕ್ ಮಾಡುತ್ತಾ ಇಪ್ಪತ್ತೆರಡು ವರ್ಷಗಳಾದವು.

ಕಳೆದ ಹಂಗಾಮಿನಲ್ಲಿ ಹಾವೇರಿ ಕಡೆಯ ನಮ್ಮ ಸೋದರಮಾವ ಒಂದು ಪವರ್ ವೀಡರನ್ನು ಟಂಟಂನಲ್ಲಿ ಹೇರಿಕೊಂಡು ಬಂದರು. ಗೋವಿನಜೋಳದಲ್ಲಿ ಎಡೆ ಹೊಡೆಯುವಾಗ ಗೇರ್‌ಬಾಕ್ಸಿನ ಶಾಫ್ಟು ಹಲ್ಲಿನ ಬುಡದಲ್ಲೇ ತುಂಡಾಗಿತ್ತು. ಹೆಬ್ಬೆರಳು ಗಾತ್ರದ ಶಾಫ್ಟು. ತಿರುವಿ ಹಲ್ಲು ಕೊರೆಯಲು ನನಗೆ ಒಂದು ದಿನ ಸಾಕಾಯಿತು. ಆದರೆ ಅದನ್ನು ಕಾಯಿಸಿ ಗಟ್ಟಿ ಮಾಡುವ ಹಾರ್ಡ್ನಿಂಗ್‌ಗೆ ಬೆಳಗಾವಿಯ ಉದ್ಯಮಬಾಗಿಗೆ ಕಳಿಸಿ, ಬೇರೆಯವರ ಲಾಟಿನ ಜೊತೆ ಕುಲುಮೆಗೆ ಹೋಗಿ, ತಿರುಗಿ ಕೈಸೇರಲು ಆರು ದಿನ ಹಿಡಿಯಿತು. ಅಷ್ಟರಲ್ಲಿ ಮಳೆ ಹಿಡಿದು ಎಡೆ ಹೊಡೆಯುವ ಹದವೇ ತಪ್ಪಿತು. ಮಾವ ಆಳು ಹಚ್ಚಿ ಕಳೆ ತೆಗೆಸಿದರು. ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು.

ಆ ಎಂಜಿನ್ನಿನ ಮೇಲಿನ ತಗಡಿನ ಪಟ್ಟಿಯನ್ನು ಉಜ್ಜಿ ನೋಡಿದರೆ 212 ಸಿಸಿ, ಚೊಂಗ್‌ಚಿಂಗ್ ಎಂದಿತ್ತು. ನಕ್ಷೆ ತೆಗೆದು ನೋಡಿದೆ. ಶಾಂಘೈಯಿಂದ ಯಾಂಗ್ಟ್ಸಿ ನದಿಗುಂಟ ಸುಮಾರು 2,400 ಕಿ.ಮೀ. ಒಳಗೆ, ಗುಡ್ಡಗಳ ನಡುವಿನ ಊರು. ನಮಗೆ ಕಾರವಾರದ ಬಂದರು ಬರೀ 165 ಕಿ.ಮೀ. 'ಘಟ್ಟದ ಕಾಡಿನ ಮೂಲಕ ಕರಾವಳಿಗೆ ಹೋಗಬೇಕಿದ್ದ ಹುಬ್ಬಳ್ಳಿ-ಅಂಕೋಲಾ ರೈಲು ಆಗಲಿಲ್ಲ, ಬಂದರಿಗೆ ದಾರಿ ಇಲ್ಲ, ಅದಕ್ಕೇ ನಮ್ಮಲ್ಲಿ ಕೈಗಾರಿಕೆ ಬೆಳೆಯಲಿಲ್ಲ' ಎಂದು ನಾನೂ ಇಷ್ಟು ವರ್ಷ ಹೇಳುತ್ತಾ ಬಂದವನು. ಹಾಗಾದರೆ ಅವರಿಗೆ ಹೇಗೆ ಸಾಧ್ಯವಾಯಿತು? ಕೂಲಿ ಅಗ್ಗ ಎಂಬ ಒಂದೇ ಮಾತಿನಲ್ಲಿ ಮುಗಿಸಬೇಡಿ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಬಿಡಿಭಾಗ ವ್ಯಾಪಾರಿ, ಹುಬ್ಬಳ್ಳಿ

ಅಣ್ಣನವರೇ, ನಾನು ಮೋಟರ್‌ಸೈಕಲ್ ಮತ್ತು ಕೃಷಿ ಯಂತ್ರಗಳ ಬಿಡಿಭಾಗ ಮಾರುವವನು. 2017 ಮತ್ತು 2019ರಲ್ಲಿ ಚೊಂಗ್‌ಚಿಂಗ್‌ಗೆ ಹೋಗಿ ಬಂದಿದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರ ನೀವು ಬರೆದ ಆ ಆರು ದಿನಗಳಲ್ಲೇ ಇದೆ.

ಮೊದಲ ಸಲ ಹೋದಾಗ ಒಂದು ಗೇರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಒಯ್ದಿದ್ದೆ. ದುಭಾಷಿ ಹುಡುಗಿ ನನ್ನನ್ನು ಕಾರ್ಖಾನೆಗೆ ಕರೆದೊಯ್ಯಲಿಲ್ಲ, ಮುಚ್ಚಳದ ಬಟ್ಟಲಿನಲ್ಲಿ ಚಹಾ ಕೊಡುವ ಒಂದು ಅಂಗಡಿಯಲ್ಲಿ ಕೂರಿಸಿ ಎರಡು ಕಡೆ ಫೋನ್ ಮಾಡಿದಳು. ಬಟ್ಟಲಿಗೆ ಮೂರನೆಯ ಸಲ ಬಿಸಿನೀರು ಹಾಕುವ ಹೊತ್ತಿಗೆ ಎದುರಿಗೆ ನಾಲ್ವರು ಕೂತಿದ್ದರು: ಕಾಯಿಸಿ ಬಡಿದು ಅಚ್ಚು ಕೊಡುವವನು, ಹಲ್ಲು ಕೊರೆಯುವವನು, ಹಾರ್ಡ್ನಿಂಗ್ ಕುಲುಮೆಯವನು, ಪೆಟ್ಟಿಗೆ ಕಟ್ಟಿ ಸಾಗಿಸುವವನು. ಕುಲುಮೆಯವನು ಜೇಬಿನಿಂದ ಸಣ್ಣ ಅರ ತೆಗೆದು ಹಲ್ಲಿನ ಮೇಲೆ ಒಮ್ಮೆ ಎಳೆದ, ಅರ ಜಾರಿತು, ಅಂದರೆ ಗಟ್ಟಿ. ರಂಧ್ರದ ಒಳಬದಿಗೆ ಎಳೆದ, ಅಲ್ಲಿ ಕಚ್ಚಿತು, ಅಂದರೆ ಮೆದು. ಗಟ್ಟಿಪದರ ಎಷ್ಟು ಆಳ ಬೇಕು ಎಂದಷ್ಟೇ ಕೇಳಿದ. ನಾಲ್ಕನೆಯ ದಿನ ಮಾದರಿ ನನ್ನ ಕೋಣೆಯ ಬಾಗಿಲಿಗೆ ಬಂತು. ಆ ನಾಲ್ವರ ಶೆಡ್‌ಗಳೂ ಒಂದಕ್ಕೊಂದು ಅರ್ಧ ಗಂಟೆಯ ದಾರಿ.

ಇದು ಒಂದು ದಿನದಲ್ಲಿ ಆದದ್ದಲ್ಲ. ಜಪಾನ್ ಚೀನಾದ ಕರಾವಳಿಯನ್ನು ಹಿಡಿದಾಗ ರಾಷ್ಟ್ರೀಯ ಸರ್ಕಾರ 1937ರಲ್ಲಿ ಚೊಂಗ್‌ಚಿಂಗನ್ನು ಯುದ್ಧಕಾಲದ ರಾಜಧಾನಿ ಮಾಡಿಕೊಂಡಿತು. 1938ರಲ್ಲಿ ಕಾರ್ಖಾನೆಗಳ ಯಂತ್ರಗಳನ್ನು ಬಿಚ್ಚಿ, ನದಿಯ ಕೆಳಭಾಗದ ಯಿಚಾಂಗ್‌ನಿಂದ ದೋಣಿಗಳಲ್ಲಿ ಕಮರಿಗಳ ಮೂಲಕ ಮೇಲಕ್ಕೆ ಸಾಗಿಸಿದರು. ನದಿಯ ನೀರು ಇಳಿಯುವುದರೊಳಗೆ ಮುಗಿಸಬೇಕಿತ್ತು. ಮುಂದೆ 1964ರಿಂದ ಮಾವೋ ಸರ್ಕಾರ ಯುದ್ಧದ ಭಯದಿಂದಲೇ ಇನ್ನಷ್ಟು ರಕ್ಷಣಾ ಕಾರ್ಖಾನೆಗಳನ್ನು ಒಳನಾಡಿನ ಗುಡ್ಡಗಳಿಗೆ ತಂದಿತು. ಅಂದರೆ ಸಮುದ್ರದಿಂದ ದೂರ ಇರುವುದೇ ಆ ಊರನ್ನು ಆರಿಸಲು ಕಾರಣವಾಗಿತ್ತು.

ಆಮೇಲೆ ಸೈನ್ಯದ ಬೇಡಿಕೆ ತಗ್ಗಿದಾಗ ಆಯುಧ ಮಾಡುತ್ತಿದ್ದ ಜಿಯಾಲಿಂಗ್, ಜಿಯಾನ್‌ಶೆ ಕಾರ್ಖಾನೆಗಳು ಮೋಟರ್‌ಸೈಕಲ್ಲಿಗೆ ತಿರುಗಿದವು. ತಂತ್ರಜ್ಞಾನ ಹೊಂಡಾ, ಯಮಹಾಗಳಿಂದ ಬಂತು. ಅವುಗಳ ಸುತ್ತ ನಿಮ್ಮಂಥ ಸಣ್ಣ ಶೆಡ್‌ಗಳು ಹುಟ್ಟಿದವು. ಜೋಂಗ್‌ಶೆನ್ ಕಂಪನಿ ಕಟ್ಟಿದ ಜುವೊ ಜೋಂಗ್‌ಶೆನ್ ಮೊದಲು ಬೈಕ್ ರಿಪೇರಿ ಮಾಡುತ್ತಿದ್ದವರು. 1992ರಲ್ಲಿ ಲಿಫಾನ್ ಎಂಬ ಇನ್ನೊಂದು ಕಂಪನಿ ಶುರು ಮಾಡಿದಾಗ ಯಿನ್ ಮಿಂಗ್‌ಶಾನ್ ಅವರಿಗೆ ಐವತ್ತು ದಾಟಿತ್ತು. ರಿಪೇರಿಗೆಂದು ಮಾರುವ ಬಿಡಿಭಾಗಗಳನ್ನೇ ಕೊಂಡು ಜೋಡಿಸಿದರೆ ಒಂದು ಎಂಜಿನ್ ಆಗುತ್ತದೆ, ಅದಕ್ಕೆ ಬೆಲೆಯೂ ಹೆಚ್ಚು ಸಿಗುತ್ತದೆ ಎಂದು ಅವರು ಕಂಡುಕೊಂಡಿದ್ದರು. ನಿಮ್ಮ ಮಾವನವರ ವೀಡರಿನ ಎಂಜಿನ್ ಇದೇ ಬಳಗದ ಕೂಸು.

ಇನ್ನೊಂದು ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಒಬ್ಬರ ಬೆಲೆಯನ್ನು ಒಬ್ಬರು ಇಳಿಸುತ್ತಾ ಹೋಗಿ ಆ ಊರಿನವರು ಬಹಳ ಪೆಟ್ಟು ತಿಂದರು. 2000ದ ಸುಮಾರಿಗೆ ವಿಯೆಟ್ನಾಂ ತುಂಬ ಚೀನಾದ ಅಗ್ಗದ ಬೈಕುಗಳು ಓಡಾಡಿದವು. ಬಾಳಿಕೆ ಇಲ್ಲವೆಂದು ಹೆಸರು ಕೆಟ್ಟಿತು, 2002ರಲ್ಲಿ ಹೊಂಡಾ ಕಡಿಮೆ ಬೆಲೆಯ ಮಾದರಿ ತಂದ ಮೇಲೆ ಗಿರಾಕಿಗಳು ಹಿಂದಿರುಗಿದರು. ಲಿಫಾನ್ 2020ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಊರು ಮಾತ್ರ ನಿಲ್ಲಲಿಲ್ಲ, ಏಕೆಂದರೆ ಶೆಡ್‌ಗಳು ಅಲ್ಲೇ ಇದ್ದವು, ಬೇರೆ ಕೆಲಸ ಹಿಡಿದವು.

ಲ್ಯಾಪ್‌ಟಾಪಿನ ವಿಷಯವೂ ಹಾಗೆಯೇ, ಆ ಊರು ಅದನ್ನೂ ಮಾಡುತ್ತದೆ. 2009ರಲ್ಲಿ ಎಚ್‌ಪಿ ಬಂತು, ಬೆನ್ನಿಗೆ ಕಂಪ್ಯೂಟರ್ ಜೋಡಿಸಿಕೊಡುವ ಫಾಕ್ಸ್‌ಕಾನ್, ಕ್ವಾಂಟಾ. ಆಗಿನ ನಗರಾಡಳಿತದ ಹುವಾಂಗ್ ಚಿಫಾನ್ ಅವರ ಲೆಕ್ಕ ಸರಳವಾಗಿತ್ತು: ಭಾಗಗಳನ್ನು ಕರಾವಳಿಯಿಂದ ತಂದು, ಜೋಡಿಸಿ, ಮತ್ತೆ ಕರಾವಳಿಗೆ ಕಳಿಸಿದರೆ ಎರಡು ಸಲ ಬಾಡಿಗೆ. ಬಹುಪಾಲು ಭಾಗಗಳು ಇಲ್ಲೇ ಆಗುವಂತೆ ಮಾಡಿದರೆ ಒಂದೇ ಸಲ. ಐದಾರು ವರ್ಷಗಳಲ್ಲಿ ವರ್ಷಕ್ಕೆ 6 ಕೋಟಿ ಲ್ಯಾಪ್‌ಟಾಪ್ ದಾಟಿತು.

ನಿವೃತ್ತ ಫಿಟ್ಟರ್, ಗದಗ

ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು. ವ್ಯಾಪಾರಿ ತಮ್ಮ ಹೇಳಿದ್ದಕ್ಕೆ ರೈಲಿನ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ.

ಆ ಲ್ಯಾಪ್‌ಟಾಪ್‌ಗಳಿಗಾಗಿಯೇ 2011ರಲ್ಲಿ ಚೊಂಗ್‌ಚಿಂಗ್‌ನಿಂದ ಜರ್ಮನಿಯ ಡುಯಿಸ್‌ಬರ್ಗ್‌ಗೆ ನೇರ ಸರಕು ರೈಲು ಹೊರಟಿತು. ಸುಮಾರು 11,000 ಕಿ.ಮೀ. ದಾರಿ. ಕಜಕಸ್ತಾನ, ರಷ್ಯಾ, ಬೆಲಾರುಸ್, ಪೋಲೆಂಡ್ ದಾಟಬೇಕು. ಚೀನಾದ ಹಳಿಯ ಅಗಲ (ಗೇಜು) 1,435 ಮಿ.ಮೀ., ಕಜಕಸ್ತಾನದ್ದು 1,520 ಮಿ.ಮೀ., ಪೋಲೆಂಡಿನಲ್ಲಿ ಮತ್ತೆ 1,435. ಎರಡು ಕಡೆ ಗೇಜು ಬದಲು. ಕ್ರೇನು ಕಂಟೇನರನ್ನು ಎತ್ತಿ ಪಕ್ಕದ ಹಳಿಯ ವ್ಯಾಗನ್ನಿಗೆ ಇಡುತ್ತದೆ. ನಮ್ಮ ಮೀಟರ್ ಗೇಜ್ ಕಾಲದಲ್ಲಿ ಮಿರಜಿನಲ್ಲಿ ಹಮಾಲರು ಮೂಟೆ ಮೂಟೆಯಾಗಿ ಆಚೆಯ ವ್ಯಾಗನ್ನಿಗೆ ಹೊತ್ತು ಹಾಕುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ಗಾಡಿ ಖಾಲಿಯಾಗಲು ದಿನವೇ ಬೇಕಿತ್ತು. ಕಂಟೇನರ್ ಎಂಬ ಪೆಟ್ಟಿಗೆ ಏನು ಬದಲಿಸಿತು ಎಂಬುದು ಆ ಬೆನ್ನುಗಳಿಗೆ ಗೊತ್ತು. ಚಳಿಗಾಲದಲ್ಲಿ ಕಜಕಸ್ತಾನದ ಹಿಮದಲ್ಲಿ ಲ್ಯಾಪ್‌ಟಾಪಿನ ಪರದೆ ಕೆಡಬಾರದೆಂದು ಪೆಟ್ಟಿಗೆಯೊಳಗೆ ಬೆಚ್ಚಗಿಡುವ ಏರ್ಪಾಡೂ ಮಾಡಿದರು. ಸಮುದ್ರದಲ್ಲಿ ಒಂದು ತಿಂಗಳಿಗೂ ಹೆಚ್ಚು ಹಿಡಿಯುವುದು ಇದರಲ್ಲಿ ಎರಡು ವಾರದ ಆಸುಪಾಸು. ಬಾಡಿಗೆ ಹಡಗಿಗಿಂತ ದುಬಾರಿ, ಸ್ಥಳೀಯ ಸರ್ಕಾರ ಸಹಾಯಧನ ಕೊಟ್ಟೇ ನಡೆಸಿತು. ಕಬ್ಬಿಣದ ಶಾಫ್ಟಿಗೆ ಈ ದಾರಿ ಗಿಟ್ಟುವುದಿಲ್ಲ, ಅದು ನದಿಯಲ್ಲೇ ಹೋಗಬೇಕು.

ನಮ್ಮ ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮಿನ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ಸಣ್ಣ ಶೆಡ್‌ಗಳಿಗೆ ಬೇಕಾದದ್ದು ಅರ್ಧ ಕಂಟೇನರ್ ಸರಕು ಇದ್ದರೂ ಒಟ್ಟುಗೂಡಿಸಿ ಕಳಿಸಿಕೊಡುವ ಜಾಗ. ಮತ್ತೊಂದು ವಿಷಯ: 1885ರಿಂದ ಇರುವ ಆ ವರ್ಕ್‌ಶಾಪು ಕೂಡ ಊರಿಗೆ ಕೈಗಳನ್ನು ಕೊಟ್ಟಿದೆ. ನನ್ನ ಜೊತೆ ಕಲಿತವರಲ್ಲಿ ಮೂವರ ಮಕ್ಕಳು ಈಗ ಗೋಕುಲ ರಸ್ತೆಯಲ್ಲೇ ಲೇಥ್ ನಡೆಸುತ್ತಿದ್ದಾರೆ. ಹುಬ್ಬಳ್ಳಿಗೆ ಬುನಾದಿ ಇಲ್ಲ ಎಂದು ಯಾರೂ ತಿಳಿಯಬಾರದು.

ಭೂಗೋಳ ಶಿಕ್ಷಕಿ, ಧಾರವಾಡ

ಹಿರಿಯರು ನದಿ ಎಂದರು, ಅಲ್ಲಿ ಸ್ವಲ್ಪ ನಿಲ್ಲಬೇಕು. ಯಾಂಗ್ಟ್ಸಿಗೆ ಕಟ್ಟಿದ ತ್ರೀ ಗಾರ್ಜಸ್ ಅಣೆಕಟ್ಟಿನಲ್ಲಿ 2003ರಲ್ಲಿ ನೀರು ನಿಲ್ಲತೊಡಗಿತು, 2010ರಲ್ಲಿ 175 ಮೀಟರ್ ಮಟ್ಟ ಮುಟ್ಟಿತು. ಹಿನ್ನೀರು ಚೊಂಗ್‌ಚಿಂಗ್‌ವರೆಗೆ ಚಾಚಿ, ಮೊದಲು ಬಂಡೆ ಮತ್ತು ಸೆಳೆತಕ್ಕೆ ಹೆದರುತ್ತಿದ್ದ ದಾರಿಯಲ್ಲಿ ದೊಡ್ಡ ಹಡಗುಗಳು ಬರುವಂತಾಯಿತು. 1997ರಲ್ಲಿ ಚೊಂಗ್‌ಚಿಂಗನ್ನು ಸಿಚುವಾನ್ ಪ್ರಾಂತದಿಂದ ಬಿಡಿಸಿ ನೇರವಾಗಿ ಕೇಂದ್ರದ ಅಡಿಗೆ ತಂದದ್ದಕ್ಕೂ ಈ ಅಣೆಕಟ್ಟಿನ ಪುನರ್ವಸತಿ ಒಂದು ಮುಖ್ಯ ಕಾರಣ. ಸುಮಾರು 13 ಲಕ್ಷ ಜನ ಮನೆ ಬಿಟ್ಟರು, ಹೆಚ್ಚಿನವರು ಚೊಂಗ್‌ಚಿಂಗ್ ಸೀಮೆಯವರೇ. ಕೈಶಿಯಾನ್ ಎಂಬ ಹಳೆಯ ಪೇಟೆ ಪೂರಾ ಮುಳುಗಿತು.

ನನ್ನ ಚಿಕ್ಕಮ್ಮ ಬಾಗಲಕೋಟೆಯವರು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಮನೆ ಹೋದ ಮೇಲೆ ನವನಗರಕ್ಕೆ ಬಂದರು. ಹೊಸ ಮನೆಗೆ ಅವರು ಹೊತ್ತು ತಂದದ್ದು ಹಳೆಯ ಬಾಗಿಲಿನ ಹೊಸ್ತಿಲು. ಈಗಲೂ ಅದಕ್ಕೇ ಅರಿಶಿನ ಹಚ್ಚುತ್ತಾರೆ. ಅದಕ್ಕೇ ಹಡಗಿನ ಲೆಕ್ಕ ಓದುವಾಗ ನನಗೆ ಹೊಸ್ತಿಲುಗಳು ನೆನಪಾಗುತ್ತವೆ. ಅಂಕೋಲಾ ರೈಲಿನ ವಾದದಲ್ಲೂ ಕಾಡಿನ ಬೆಲೆಯನ್ನು ಬಿಟ್ಟು ಲೆಕ್ಕ ಹಾಕಬಾರದು.

ನದಿ ಕೈಕೊಟ್ಟ ವರ್ಷವೂ ಇದೆ. 2022ರ ಆಗಸ್ಟ್‌ನಲ್ಲಿ ಚೊಂಗ್‌ಚಿಂಗ್‌ನ ಬೆಯ್‌ಬೆಯ್‌ನಲ್ಲಿ ಉಷ್ಣಾಂಶ 45 ಡಿಗ್ರಿ ಮುಟ್ಟಿತು. ಮಳೆ ಇಲ್ಲದೆ ಜಲವಿದ್ಯುತ್ ಕುಸಿದು, ಮನೆಗಳಿಗೆ ವಿದ್ಯುತ್ ಉಳಿಸಲು ಕಾರ್ಖಾನೆಗಳನ್ನು ದಿನಗಟ್ಟಲೆ ನಿಲ್ಲಿಸಬೇಕಾಯಿತು.

ಲೇಥ್ ಶೆಡ್, ಗೋಕುಲ ರಸ್ತೆ

ಅಕ್ಕನವರಿಗೆ, ಹಿರಿಯರಿಗೆ, ವ್ಯಾಪಾರಿ ತಮ್ಮನಿಗೆ ಕೃತಜ್ಞತೆಗಳು. ಅರ ಎಳೆದು ನೋಡಿದ ಆ ಕುಲುಮೆಯವನು ಎರಡು ದಿನ ತಲೆಯಿಂದ ಇಳಿಯಲಿಲ್ಲ.

ನಿನ್ನೆ ಸಂಜೆ ನೋಟುಪುಸ್ತಕ ಹಿಡಿದು ನಮ್ಮ ಸಾಲಿನ ಒಂಬತ್ತು ಶೆಡ್‌ಗಳಿಗೆ ಹೋಗಿ, ತಿಂಗಳಿಗೆ ಎಷ್ಟು ಮಾಲು ಹಾರ್ಡ್ನಿಂಗ್‌ಗೆ ಊರು ಬಿಟ್ಟು ಹೋಗುತ್ತದೆ ಎಂದು ಬರೆದುಕೊಂಡೆ. ಒಟ್ಟು 410 ಕಿಲೋ ಬಂತು. ಒಬ್ಬರೇ ಕುಲುಮೆ ಹಾಕಲು ಇದು ಕಡಿಮೆ, ಎಲ್ಲರೂ ಸೇರಿದರೆ ಒಂದು ಸಣ್ಣದನ್ನು ನಡೆಸಬಹುದೇನೋ. ಆರು ಜನ ಹೂಂ ಎಂದಿದ್ದಾರೆ. ಇಬ್ಬರು ವಿದ್ಯುತ್ ಬಿಲ್ಲಿಗೆ ಅಂಜುತ್ತಿದ್ದಾರೆ. ಒಬ್ಬರು ಮಗನನ್ನು ಕೇಳಿ ಹೇಳುತ್ತೇನೆ ಎಂದರು.

ವಾರಕ್ಕೆ ನೂರು ಕಿಲೋ ಮಾಲಿಗೆ ವಿದ್ಯುತ್ ಕುಲುಮೆ ಗಿಟ್ಟುತ್ತದೆಯೇ, ಗ್ಯಾಸಿನದ್ದು ಗಿಟ್ಟುತ್ತದೆಯೇ? ಬೆಳಗಾವಿ, ಕೊಲ್ಹಾಪುರದ ಕಡೆ ಕುಲುಮೆ ನಡೆಸಿ ಅನುಭವ ಇರುವವರು ಯಾರಾದರೂ ಇದ್ದರೆ ತಿಳಿಸಿ. ಮುಂದಿನ ಭಾನುವಾರ ನಾವು ಏಳು ಜನ ಬಂದು ನೋಡಿಕೊಂಡು ಹೋಗುತ್ತೇವೆ.