ಸಹಾಯ ಬೇಕು: 'ಎ ರೈಸಿನ್ ಇನ್ ದ ಸನ್' ನಾಟಕದಲ್ಲಿ ಅಮ್ಮ ಮಗನಿಗೆ ದುಡ್ಡು ಕೊಟ್ಟಿದ್ದೇಕೆ?

ಎಲ್ಲರಿಗೂ ನಮಸ್ಕಾರ. ಲೊರೇನ್ ಹ್ಯಾನ್ಸ್‌ಬೆರಿ ಅವರ ಈ ನಾಟಕ 1959ರಲ್ಲಿ ನ್ಯೂಯಾರ್ಕ್‌ನ ಹೆಸರಾಂತ ರಂಗಮಂದಿರಗಳ ತಾಣ ಬ್ರಾಡ್‌ವೇಗೆ ಬಂತು. ಮುಂದಿನ ವಾರ ತರಗತಿಯಲ್ಲಿ ಇದರ ಪಾತ್ರಗಳ ಬಗ್ಗೆ ನಾನು ಮಾತಾಡಬೇಕು. ಎರಡು ಸಲ ಓದಿದರೂ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಶಿಕಾಗೋದ ಇಕ್ಕಟ್ಟು ಮನೆಯಲ್ಲಿ ಒಂದು ಕಪ್ಪು ಜನರ ಕುಟುಂಬ. ತೀರಿಹೋದ ಅಪ್ಪನ ವಿಮೆ ದುಡ್ಡು 10,000 ಡಾಲರ್ ಬರುತ್ತದೆ. ಮಗ ವಾಲ್ಟರ್‌ಗೆ ಹೆಂಡದಂಗಡಿ ಹಾಕುವ ಆಸೆ. ಅಮ್ಮ ಲೀನಾ ಒಪ್ಪುವುದಿಲ್ಲ. 3,500 ಕೊಟ್ಟು ಬಿಳಿಯರ ಬಡಾವಣೆಯಲ್ಲಿ ಮನೆಗೆ ಮುಂಗಡ ಕಟ್ಟುತ್ತಾಳೆ. ವಾಲ್ಟರ್ ಕುಗ್ಗಿಹೋಗುತ್ತಾನೆ, ಮೂರು ದಿನ ಕೆಲಸಕ್ಕೇ ಹೋಗುವುದಿಲ್ಲ. ಆಗ ಅವಳು ಉಳಿದ 6,500 ಅವನ ಕೈಗೇ ಇಡುತ್ತಾಳೆ. ಅದರಲ್ಲಿ 3,000 ತಂಗಿ ಬೆನೀತಾಳ ಓದಿಗೆ ಎತ್ತಿಡು ಅನ್ನುತ್ತಾಳೆ. ಅವನು ಅಷ್ಟನ್ನೂ ಗೆಳೆಯನನ್ನು ನಂಬಿ ಕೊಟ್ಟುಬಿಡುತ್ತಾನೆ, ಗೆಳೆಯ ಓಡಿಹೋಗುತ್ತಾನೆ.

ನನ್ನ ಪ್ರಶ್ನೆ ಇಷ್ಟೇ. ಲೀನಾ ಕೊಟ್ಟಿದ್ದು ನಂಬಿಕೆಯಿಂದಲೋ, ಮಗನ ಕನಸು ತಾನೇ ಮುರಿದೆ ಎಂಬ ಸಂಕಟದಿಂದಲೋ? ನನಗೆ ಸಂಕಟವೇ ಜಾಸ್ತಿ ಕಾಣುತ್ತದೆ. ಆದರೆ ಬೆನೀತಾಳ ದುಡ್ಡನ್ನೂ ಅವನಿಗೇ ಒಪ್ಪಿಸಿದ್ದು ಅನ್ಯಾಯ ಅಲ್ವಾ? ಕೊನೆಗೆ ವಾಲ್ಟರ್, ಹೊಸ ಮನೆ ಬಿಟ್ಟುಕೊಡಿ ಎಂದು ಆ ಬಡಾವಣೆಯ ಬಿಳಿಯರ ಪರವಾಗಿ ದುಡ್ಡು ಹಿಡಿದು ಬಂದ ಲಿಂಡ್ನರ್‌ನನ್ನು ಮಗ ಟ್ರಾವಿಸ್‌ನ ಎದುರೇ ವಾಪಸ್ ಕಳಿಸುತ್ತಾನೆ. ಓದುವಾಗ ಕಣ್ಣು ತುಂಬಿತು. ಆದರೂ ತಂಗಿ ಅವನನ್ನು ಕ್ಷಮಿಸಿದಳಾ? ಹೊರಡುವಾಗಲೂ ಇಬ್ಬರೂ ಜಗಳವಾಡುತ್ತಲೇ ಇರುತ್ತಾರೆ.

ವಾಲ್ಟರ್‌ನ ಹೆಂಡತಿ ರೂತ್ ಬಗ್ಗೆಯೂ ಯಾರಾದರೂ ಹೇಳಿ. ಈ ನಾಟಕ ಪಾಠ ಮಾಡಿದವರು, ಆಡಿದವರು ಇದ್ದರೆ ದಯವಿಟ್ಟು ಬರೆಯಿರಿ.